ಬಂಗಾಳಕ್ಕೆ ನೇರ ಕೊಳವೆ: ಹಳೆಯ ವ್ಯಂಗ್ಯಚಿತ್ರಗಳು ಭವಿಷ್ಯ ನುಡಿದಿದ್ದವೇ?

ಪ್ರಶ್ನೆ: ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. 1829ರ ಒಂದು ಇಂಗ್ಲಿಷ್ ವ್ಯಂಗ್ಯಚಿತ್ರ ಈಚೆಗೆ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಜನರನ್ನು ನೇರವಾಗಿ ಬಂಗಾಳಕ್ಕೆ ಸಾಗಿಸುವ ನಿರ್ವಾತ ಕೊಳವೆ, ಹಬೆಯಿಂದ ಓಡುವ ಕುದುರೆ, ರೆಕ್ಕೆ ಬಿಚ್ಚಿದ ಹಾರುವ ಯಂತ್ರ ಎಲ್ಲವೂ ಅದರಲ್ಲಿವೆ. ‘ಹೈಪರ್‌ಲೂಪ್ ಅನ್ನು ಅಂದೇ ಕಂಡಿದ್ದ ಕಲಾವಿದ’ ಎಂದು ಅದರ ಕೆಳಗೆ ಬರೆದಿದ್ದಾರೆ. ಹೈಪರ್‌ಲೂಪ್ ಎಂದರೆ ಗಾಳಿ ತೆಗೆದ ಕೊಳವೆಯೊಳಗೆ ಜನರನ್ನು ಅತಿವೇಗವಾಗಿ ಸಾಗಿಸುವ ಇಂದಿನ ಯೋಜನೆ. ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪುವುದಿಲ್ಲ. ಹೊಸದನ್ನು ಕಂಡರಾಗದವರು ಮಾಡಿದ ಗೇಲಿ ಅಷ್ಟೇ ಎನ್ನುತ್ತಾರೆ. ಇಬ್ಬರಲ್ಲಿ ಯಾರು ಸರಿ? ಇಂಥ ಚಿತ್ರಗಳನ್ನು ತರಗತಿಯಲ್ಲಿ ತೋರಿಸಬಹುದೇ? ತೋರಿಸಿದರೆ ಹೇಗೆ ಓದಿಸಬೇಕು?

ಉತ್ತರ: ಇಬ್ಬರೂ ಯಂತ್ರವನ್ನೇ ನೋಡುತ್ತಿದ್ದಾರೆ, ತೊಡಕು ಇರುವುದು ಅಲ್ಲೇ. ಸಂಚಾರ ಸಾಧನಗಳ ಬಗ್ಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ವ್ಯಂಗ್ಯಚಿತ್ರಗಳಲ್ಲಿ ಯಂತ್ರ ಹೆಚ್ಚಾಗಿ ಒಂದು ನೆಪ. ಅದರೊಳಗೆ ಕುಳಿತವರು, ಅದರ ಮೇಲಿನ ಫಲಕ, ಅದರ ಚಕ್ರದ ಕೆಳಗೆ ಸಿಕ್ಕವರು, ದೂರ ನಿಂತು ದಿಗಿಲುಗೊಂಡು ನೋಡುವವರು, ಇವರಲ್ಲಿ ಚಿತ್ರದ ಮಾತಿದೆ. ಲಾಭ ಯಾರಿಗೆ, ಪೆಟ್ಟು ಯಾರಿಗೆ ಎಂಬ ಪ್ರಶ್ನೆಯನ್ನು ಆ ಕಲಾವಿದರು ಕೇಳುತ್ತಿದ್ದರು. ಆ ಪ್ರಶ್ನೆಯನ್ನು ಕೆಲವೊಮ್ಮೆ ಬಹಳ ನ್ಯಾಯವಾಗಿ ಕೇಳಿದರು, ಕೆಲವೊಮ್ಮೆ ಬಹಳ ಕ್ರೂರವಾಗಿ.

ನೀವು ಹೇಳುತ್ತಿರುವ ಚಿತ್ರ ವಿಲಿಯಂ ಹೀತ್‌ನದು. ‘ಮಾರ್ಚ್ ಆಫ್ ಇಂಟೆಲೆಕ್ಟ್’, ಅಂದರೆ ‘ಬುದ್ಧಿಯ ಮುನ್ನಡೆ’, ಎಂಬ ಹೆಸರಿನಲ್ಲಿ ಅವನು ರಚಿಸಿದ ಹಲವು ಚಿತ್ರಗಳಲ್ಲಿ ಅದೂ ಒಂದು. ಪ್ರಕಟಿಸಿದವನು ಲಂಡನ್ನಿನ ಹೇಮಾರ್ಕೆಟ್ ಬೀದಿಯ ಥಾಮಸ್ ಮೆಕ್ಲೀನ್. ಆ ಕಾಲದಲ್ಲಿ ಇಂಥ ಚಿತ್ರಗಳನ್ನು ಲೋಹದ ತಗಡಿನ ಮೇಲೆ ಕೊರೆದು, ಅಚ್ಚು ತೆಗೆದು, ಒಂದೊಂದಕ್ಕೂ ಕೈಯಿಂದ ಬಣ್ಣ ಹಾಕಿ ಬಿಡಿಬಿಡಿಯಾಗಿ ಮಾರುತ್ತಿದ್ದರು. ಕೊಳ್ಳಲು ಕಾಸಿಲ್ಲದವರು ಅಂಗಡಿಯ ಗಾಜಿನ ಕಿಟಕಿಯ ಮುಂದೆ ಗುಂಪುಗೂಡಿ ನೋಡುತ್ತಿದ್ದರು. ಆದ್ದರಿಂದ ಹೀತ್ ಬರೆದದ್ದು ಮುಂದಿನ ಪೀಳಿಗೆಗಾಗಿ ಅಲ್ಲ. ಆ ವಾರ ಆ ಬೀದಿಯಲ್ಲಿ ಹಾದುಹೋಗುವವನಿಗೆ ಥಟ್ಟನೆ ಅರ್ಥವಾಗಬೇಕಿತ್ತು. ಅವನು ನೆನ್ನೆಯ ಪತ್ರಿಕೆಯಲ್ಲಿ ಓದಿದ್ದೇ ಚಿತ್ರದಲ್ಲೂ ಇರಬೇಕಿತ್ತು.

ಕೊಳವೆಯ ವಿಷಯಕ್ಕೆ ಬರುತ್ತೇನೆ. ಅದು ಹೀತ್‌ನ ಕಲ್ಪನೆಯ ಕೂಸಲ್ಲ. ಗಾಳಿಯ ಒತ್ತಡದಿಂದ ಕಾಗದಪತ್ರ, ಸರಕುಗಳನ್ನು ಕೊಳವೆಯಲ್ಲಿ ತಳ್ಳಬಹುದು ಎಂದು ಜಾರ್ಜ್ ಮೆಡ್‌ಹರ್ಸ್ಟ್ 1810ರಲ್ಲೇ ಪ್ರಕಟಿಸಿದ್ದ. ಜಾನ್ ವ್ಯಾಲೆನ್ಸ್ ಎಂಬವನು 1824ರಲ್ಲಿ ಮನುಷ್ಯರನ್ನೇ ಸಾಗಿಸುವ ಕೊಳವೆಗೆ ಪೇಟೆಂಟ್ ಪಡೆದ. ಕೆಲವೇ ವರ್ಷಗಳಲ್ಲಿ ಬ್ರೈಟನ್ ಪಟ್ಟಣದಲ್ಲಿ ಒಂದು ಪ್ರಾಯೋಗಿಕ ಕೊಳವೆ ಕಟ್ಟಿ ಜನರನ್ನು ಕೂರಿಸಿ ತೋರಿಸಿಯೂ ಬಿಟ್ಟ. ಲಂಡನ್ನಿನಿಂದ ಬ್ರೈಟನ್‌ಗೆ ಅಂಥದೇ ಮಾರ್ಗ ಹಾಕಬೇಕೆಂಬುದು ಅವನ ಯೋಜನೆ. ಹೀತ್ ಮಾಡಿದ್ದು ಇಷ್ಟೇ: ಬ್ರೈಟನ್ ಅಳಿಸಿ ಬಂಗಾಳ ಎಂದು ಬರೆದ. ಕೊಳವೆಯ ಮೇಲೆ ‘ಗ್ರ್ಯಾಂಡ್ ವ್ಯಾಕ್ಯೂಮ್ ಟ್ಯೂಬ್ ಕಂಪನಿ’ ಎಂದು ದೊಡ್ಡದಾಗಿ ಬರೆದ. ಆ ಫಲಕದಲ್ಲಿ ನಿಮ್ಮ ವಿದ್ಯಾರ್ಥಿಗಳು ಮೊದಲು ಗಮನಿಸಬೇಕಾದ ಪದ ‘ಕಂಪನಿ’.

ಏಕೆಂದರೆ 1824 ಮತ್ತು 1825ರಲ್ಲಿ ಲಂಡನ್ನಿನಲ್ಲಿ ಕಂಪನಿಗಳು ಅಣಬೆಗಳಂತೆ ಎದ್ದಿದ್ದವು. ಗಣಿ, ಕಾಲುವೆ, ಅನಿಲ ದೀಪ, ರೈಲು, ಏನೇ ಇರಲಿ, ಒಂದು ಪ್ರಕಟಣೆ ಅಚ್ಚು ಹಾಕಿಸಿ ಷೇರು ಮಾರಿದರೆ ಆಯಿತು. ಅಂಗೈಯಲ್ಲಿ ಅರಮನೆ ತೋರಿಸುವವರಿಗೆ ಅದಕ್ಕಿಂತ ಒಳ್ಳೆಯ ಕಾಲ ಬಂದಿರಲಿಲ್ಲ. 1825ರ ಡಿಸೆಂಬರ್‌ನಲ್ಲಿ ಆ ಗುಳ್ಳೆ ಒಡೆಯಿತು. ಹತ್ತಾರು ಬ್ಯಾಂಕುಗಳು ಬಾಗಿಲು ಹಾಕಿದವು, ಸಾಮಾನ್ಯ ಜನ ಇಟ್ಟಿದ್ದ ಹಣ ಕರಗಿಹೋಯಿತು. 1829ರಲ್ಲಿ ಹೀತ್‌ನ ಚಿತ್ರವನ್ನು ನೋಡಿದವರ ಮನಸ್ಸಿನಲ್ಲಿ ಆ ಗಾಯ ಹಸಿಯಾಗಿಯೇ ಇತ್ತು. ಆ ಕೊಳವೆಯ ಮುಂದೆ ನಿಂತವನಿಗೆ ನೆನಪಾದದ್ದು ತಾನು ಕೊಂಡ ಷೇರು.

ಬಂಗಾಳವೇ ಏಕೆ ಎಂಬುದಕ್ಕೂ ಕಾರಣವಿದೆ, ಅದು ನಮಗೆ ಹತ್ತಿರದ್ದು. ಈಸ್ಟ್ ಇಂಡಿಯಾ ಕಂಪನಿಯ ನೌಕರಿ, ವ್ಯಾಪಾರ, ಪತ್ರ ವ್ಯವಹಾರ ಎಲ್ಲವೂ ಕಲ್ಕತ್ತೆಗೆ ಕಟ್ಟಿಕೊಂಡಿದ್ದವು. ಆಫ್ರಿಕದ ತುದಿಯನ್ನು ಬಳಸಿಕೊಂಡು ಹಾಯಿ ಹಡಗು ಅಲ್ಲಿಗೆ ತಲುಪಲು ತಿಂಗಳುಗಟ್ಟಲೆ ಬೇಕಿತ್ತು. ಆ ಅವಧಿಯನ್ನು ಕಡಿಮೆ ಮಾಡುವ ಹಡಗಿಗೆ ಬಹುಮಾನವನ್ನೇ ಘೋಷಿಸಿದ್ದರು. ಆ ಆಸೆಯಿಂದ ‘ಎಂಟರ್‌ಪ್ರೈಸ್’ ಎಂಬ ಹಬೆಹಡಗು 1825ರ ಆಗಸ್ಟ್‌ನಲ್ಲಿ ಫಾಲ್ಮತ್ ಬಂದರು ಬಿಟ್ಟು ಹೊರಟಿತು. ಕಲ್ಕತ್ತೆ ಮುಟ್ಟಿದಾಗ ಡಿಸೆಂಬರ್ ಬಂದಿತ್ತು. ಹಬೆ ಎಂದರೆ ವೇಗ ಎಂದು ನಂಬಿದ್ದವರಿಗೆ ಅದು ದೊಡ್ಡ ನಿರಾಶೆ. ‘ನೇರವಾಗಿ ಬಂಗಾಳಕ್ಕೆ’ ಎಂಬ ಮಾತು ಲಂಡನ್ನಿನವರಿಗೆ ಎಷ್ಟು ಚುರುಕಾಗಿ ತಾಗಿರಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಹಾರುವ ಯಂತ್ರವನ್ನೂ ಸ್ವಲ್ಪ ನಿಂತು ನೋಡಬೇಕು. ಬಾವಲಿಯ ಆಕಾರದ ಆ ವಾಹನ ಪ್ರವಾಸಿಗರನ್ನು ಹೊತ್ತಿಲ್ಲ. ಅದರಲ್ಲಿರುವವರು ಕೈದಿಗಳು, ಹೋಗುತ್ತಿರುವುದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ಗೆ. ಸಣ್ಣಪುಟ್ಟ ಕಳವಿಗೂ ಜನರನ್ನು ಹಡಗಿಗೆ ತುಂಬಿ ಭೂಮಿಯ ಆಚೆ ಬದಿಗೆ ಅಟ್ಟುತ್ತಿದ್ದ ಕಾಲ ಅದು. ವಿಜ್ಞಾನ ಎಷ್ಟೇ ಮುಂದೆ ಹೋಗಲಿ, ಗಲ್ಲಿಯ ಬಡವನ ಪಾಲಿಗೆ ಬರುವುದು ಇನ್ನೂ ಬೇಗ ಗಡೀಪಾರಾಗುವ ಸೌಕರ್ಯ ಎಂದು ನಾನು ಈ ಭಾಗವನ್ನು ಓದುತ್ತೇನೆ. ಇಡೀ ಚಿತ್ರದಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು ಇದೇ. ಮೊಬೈಲಿನಲ್ಲಿ ಹರಿದಾಡುವಾಗ ಇದನ್ನು ‘ವಿಮಾನದ ಭವಿಷ್ಯವಾಣಿ’ ಎಂದು ಕತ್ತರಿಸಿ ತೋರಿಸುತ್ತಾರೆ, ಕೈದಿಗಳ ಮಾತೇ ಬರುವುದಿಲ್ಲ.

ಹೀತ್‌ನನ್ನು ಬಡವರ ಬಂಧು ಎಂದು ಕೂಡಲೇ ತೀರ್ಮಾನಿಸಬೇಡಿ. ಅದೇ ಚಿತ್ರದ ಮುಂಭಾಗದಲ್ಲಿ ಕಸ ಎತ್ತುವವರಂಥ ದುಡಿಯುವ ಜನ ಅನಾನಸಿನಂಥ ದುಬಾರಿ ಹಣ್ಣು ತಿನ್ನುತ್ತಿದ್ದಾರೆ. ಅಲ್ಲಿ ನಗು ಅವರ ಮೇಲೆಯೇ. ‘ಬುದ್ಧಿಯ ಮುನ್ನಡೆ’ ಎಂಬ ಹೆಸರಿನಲ್ಲೇ ಆ ಕುಹಕವಿದೆ. ಲಂಡನ್ನಿನಲ್ಲಿ ಕುಶಲಕರ್ಮಿಗಳಿಗೆ ಸಂಜೆಯ ಪಾಠ ಹೇಳುವ ಸಂಸ್ಥೆ 1823ರಲ್ಲಿ ಆರಂಭವಾಗಿತ್ತು. ಅಗ್ಗದ ಬೆಲೆಯಲ್ಲಿ ವಿಜ್ಞಾನದ ಪುಸ್ತಕ ಹೊರತರುವ ಸಂಘವನ್ನು ರಾಜಕಾರಣಿ ಹೆನ್ರಿ ಬ್ರೂಮ್ ಮತ್ತಿತರರು 1826ರಲ್ಲಿ ಕಟ್ಟಿದ್ದರು. ಕೂಲಿಯವನು ಓದು ಕಲಿತರೆ ಲೋಕ ತಲೆಕೆಳಗಾದೀತು ಎಂದು ಅಂಜಿದ ಅನುಕೂಲಸ್ಥರು ಬಹಳ ಮಂದಿ ಇದ್ದರು. ಚಿತ್ರಗಳನ್ನು ಕೊಳ್ಳುತ್ತಿದ್ದವರೂ ಹೆಚ್ಚಾಗಿ ಅವರೇ. ಹಾರುವ ಯಂತ್ರದಷ್ಟೇ ಅಸಾಧ್ಯವಾದದ್ದು ಓದುವ ಕೂಲಿಯವನು ಎಂದು ಈ ಚಿತ್ರ ಸೂಚಿಸುತ್ತದೆ. ಇದನ್ನು ಮುಚ್ಚಿಟ್ಟು ಚಿತ್ರವನ್ನು ಹೊಗಳುವುದು ಪ್ರಾಮಾಣಿಕವಲ್ಲ. ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಸತ್ಯವಿದ್ದರೆ ಅದು ಇಲ್ಲಿದೆ: ಹೀತ್‌ನಿಗೆ ಕಂಡರಾಗದೆ ಇದ್ದದ್ದು ಯಂತ್ರಕ್ಕಿಂತ ಹೆಚ್ಚಾಗಿ, ಯಂತ್ರದ ಜೊತೆಗೆ ಮೇಲೇಳುತ್ತಿದ್ದ ಜನ.

ಅದೇ ಕಾಲದಲ್ಲಿ ಹೆನ್ರಿ ಆಲ್ಕನ್ ಎಂಬ ಕಲಾವಿದ ರಸ್ತೆಯ ಮೇಲೆ ಓಡುವ ಹಬೆಗಾಡಿಗಳನ್ನು ಹಿಡಿದುಕೊಂಡ. ಆಲ್ಕನ್ ಕುದುರೆ, ಬೇಟೆಗಳ ಚಿತ್ರಕ್ಕೆ ಹೆಸರಾದವನು, ಅದನ್ನು ಮರೆಯಬಾರದು. 1828ರಲ್ಲಿ ಅವನು ತಂದ ಎರಡು ಚಿತ್ರಗಳ ಶೀರ್ಷಿಕೆಗಳಲ್ಲಿ 1830, 1831 ಎಂಬ ಮುಂದಿನ ವರ್ಷಗಳಿವೆ. ಒಂದರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ರಸ್ತೆ, ಇನ್ನೊಂದರಲ್ಲಿ ರೀಜೆಂಟ್ಸ್ ಪಾರ್ಕ್. ಎರಡರಲ್ಲೂ ಉದ್ದಕ್ಕೂ ಹೊಗೆ ಕಾರುವ ಗಾಡಿಗಳು. ವೈಟ್‌ಚಾಪೆಲ್ ಚಿತ್ರದ ಗಾಡಿಗಳ ಹೆಸರು ‘ಇನ್ಫರ್ನಲ್ ಡಿಫೈಯನ್ಸ್’, ‘ಡ್ರೆಡ್‌ಫುಲ್ ವೆಂಜನ್ಸ್’. ಅಂದಿನ ಕುದುರೆ ಸಾರೋಟುಗಳಿಗೂ ‘ಡಿಫೈಯನ್ಸ್’ನಂಥ ಗತ್ತಿನ ಹೆಸರುಗಳಿರುತ್ತಿದ್ದವು. ಅದಕ್ಕೆ ‘ನರಕದ’ ಎಂಬ ವಿಶೇಷಣ ಸೇರಿಸಿದ್ದಷ್ಟೇ ಆಲ್ಕನ್‌ನ ಕೈಚಳಕ.

‘ಶಾರ್ಟ್‌ಶ್ಯಾಂಕ್ಸ್’ ಎಂಬ ಗುಪ್ತನಾಮದಲ್ಲಿ ರಾಬರ್ಟ್ ಸೀಮೋರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ‘ಲೋಕೋಮೋಷನ್’ ಎಂಬ ಅವನ ಚಿತ್ರದಲ್ಲಿ ಮನುಷ್ಯರು ಹಬೆಯಿಂದ ನಡೆಯುತ್ತಾರೆ, ಹಬೆಯಿಂದ ಸವಾರಿ ಮಾಡುತ್ತಾರೆ, ಹಬೆಯಿಂದ ಹಾರುತ್ತಾರೆ. ಅದರ ಜೋಡಿ ಚಿತ್ರದಲ್ಲಿ ಅದೆಲ್ಲ ಕೆಟ್ಟುನಿಂತಾಗಿನ ಗತಿ ಇದೆ. ಬಾಯ್ಲರ್ ಸಿಡಿಯುವುದು ಆಗ ಬರಿಯ ಕಲ್ಪನೆಯಾಗಿರಲಿಲ್ಲ. ಒತ್ತಡ ತಡೆಯುವ ತಗಡು, ರಿವೆಟ್, ಕವಾಟಗಳ ಗುಣಮಟ್ಟ ಯಾರ ಹಿಡಿತಕ್ಕೂ ಸರಿಯಾಗಿ ಸಿಕ್ಕಿರಲಿಲ್ಲ, ಹಬೆಹಡಗುಗಳಲ್ಲಿ ಜನ ಸಾಯುತ್ತಿದ್ದರು. ಈ ಜೋಡಿ ಚಿತ್ರವನ್ನು ಎಂಜಿನಿಯರಿಂಗ್ ತರಗತಿಗೆ ವಿಶೇಷವಾಗಿ ಶಿಫಾರಸು ಮಾಡುತ್ತೇನೆ. ಕೆಟ್ಟುನಿಂತಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಯೋಜನೆಯ ಪ್ರಕಟಣೆಗಳು ಕೇಳದಿದ್ದಾಗ ಒಬ್ಬ ಚಿತ್ರಕಾರ ಕೇಳಿದ್ದ.

ಆದರೆ ಹಬೆಗಾಡಿಯನ್ನು ರಸ್ತೆಯಿಂದ ಓಡಿಸಿದ್ದು ಈ ಭಯವೊಂದೇ ಅಲ್ಲ. ಗೋಲ್ಡ್ಸ್‌ವರ್ದಿ ಗರ್ನಿಯ ಗಾಡಿ 1829ರಲ್ಲಿ ಲಂಡನ್ನಿನಿಂದ ಬಾತ್ ನಗರಕ್ಕೆ ಹೋಗಿಬಂತು. ದಾರಿಯಲ್ಲಿ ಮೆಲ್ಕ್‌ಶಮ್ ಎಂಬಲ್ಲಿ ಜನರ ಗುಂಪು ಅದರ ಮೇಲೆ ಕಲ್ಲು ತೂರಿತು. ರಸ್ತೆ ಸುಂಕ ವಸೂಲಿ ಮಾಡುವ ಟ್ರಸ್ಟುಗಳು ಹಬೆಗಾಡಿಯ ಮೇಲೆ ಹೊರಲಾರದಂಥ ಸುಂಕ ಹೇರಿದವು. ಲಿವರ್‌ಪೂಲ್–ಪ್ರೆಸ್ಕಾಟ್ ರಸ್ತೆಯಲ್ಲಿ ತುಂಬಿದ ಸಾರೋಟಿಗೆ 4 ಷಿಲಿಂಗ್ ಇದ್ದರೆ ಹಬೆಗಾಡಿಗೆ 48 ಷಿಲಿಂಗ್. ಇದನ್ನು ವಿಚಾರಿಸಿದ ಸಂಸತ್ತಿನ ಸಮಿತಿ 1831ರಲ್ಲಿ ಹಬೆಗಾಡಿಯ ಪರವಾಗಿಯೇ ವರದಿ ಕೊಟ್ಟಿತು, ಫಲ ಮಾತ್ರ ಸಿಗಲಿಲ್ಲ. ಆಲ್ಕನ್‌ನ ಹೊಗೆ ತುಂಬಿದ ರಸ್ತೆಯನ್ನು ನೋಡುವಾಗ ಈ ಸುಂಕದ ಲೆಕ್ಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ವ್ಯಂಗ್ಯಚಿತ್ರ ಹುಟ್ಟಿಸಿದ ನಗು ಹಳೆಯ ಹಿತಾಸಕ್ತಿಗಳಿಗೂ ಆಯುಧವಾಗಿ ಒದಗಬಲ್ಲದು.

ಹಳೆಯ ಕಸುಬುಗಳ ಪಾಡನ್ನು ಚೆನ್ನಾಗಿ ಹಿಡಿದವರು ಕ್ರೂಕ್‌ಶ್ಯಾಂಕ್ ಸಹೋದರರು. ಜರ್ಮನಿಯ ಮನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ 1817ರಲ್ಲಿ ಓಡಿಸಿ ತೋರಿಸಿದ, ಪೆಡಲ್ ಇಲ್ಲದೆ ಕಾಲಿನಿಂದ ನೆಲ ಒದ್ದು ಸಾಗುವ ಎರಡು ಚಕ್ರದ ಗಾಡಿ 1819ರಲ್ಲಿ ಲಂಡನ್ನಿನ ಷೋಕಿಗಾರರ ಹುಚ್ಚಾಯಿತು. ಆ ವರ್ಷ ರಾಬರ್ಟ್ ಕ್ರೂಕ್‌ಶ್ಯಾಂಕ್‌ನದೆಂದು ಹೇಳುವ ಒಂದು ಚಿತ್ರದಲ್ಲಿ ಲಾಳ ಕಟ್ಟುವ ಕಮ್ಮಾರನೂ ಕುದುರೆ ವೈದ್ಯನೂ ಸೇರಿ ಆ ಗಾಡಿಗಳನ್ನು ಪುಡಿಮಾಡುತ್ತಾರೆ. ಹತ್ತು ವರ್ಷಗಳ ಮೇಲೆ ಜಾರ್ಜ್ ಕ್ರೂಕ್‌ಶ್ಯಾಂಕ್ ಬಿಡಿಸಿದ ಚಿತ್ರದಲ್ಲಿ ಹಬೆಗಾಡಿಯನ್ನು ಕಂಡು ಕುದುರೆಗಳು ಕಂಗೆಟ್ಟು ನಿಂತಿವೆ, ಅವುಗಳ ಮಾಂಸಕ್ಕಾಗಿ ನಾಯಿಗಳು ಕಾದಿವೆ. ಯಂತ್ರ ಬಂದಾಗ ಕೆಲಸ ಕಳೆದುಕೊಳ್ಳುವವರ ಮಾತು ಲೆಕ್ಕದ ಪುಸ್ತಕಗಳಲ್ಲಿ ಬರುವ ಮೊದಲೇ ಇಲ್ಲಿ ಬಂದಿದೆ.

ಇಷ್ಟೆಲ್ಲ ಹೇಳಿದರೂ ಈ ಕಲೆಯ ಅತ್ಯುತ್ತಮ ಘಟ್ಟ ರೈಲಿನೊಂದಿಗೆ ಬಂತೆಂಬುದು ನನ್ನ ದೃಢ ಅಭಿಪ್ರಾಯ. ಏಕೆಂದರೆ ಅಷ್ಟರಲ್ಲಿ ಯಂತ್ರ ನಿಜವಾಗಿತ್ತು. ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗ 1830ರ ಸೆಪ್ಟೆಂಬರ್ 15ರಂದು ತೆರೆದ ಮೇಲೆ ‘ಇದು ಓಡುವುದಿಲ್ಲ’ ಎಂದು ನಗಲು ಯಾರಿಗೂ ಸಾಧ್ಯವಿರಲಿಲ್ಲ. ಹೀಗಾಗಿ ವ್ಯಂಗ್ಯ ಯಂತ್ರವನ್ನು ಬಿಟ್ಟು ಅದರ ಒಡೆಯರ ಕಡೆಗೆ ತಿರುಗಿತು. 1845ರಲ್ಲಿ ರೈಲು ಷೇರಿನ ಉನ್ಮಾದ ಏರಿದಾಗ ಜಾನ್ ಲೀಚ್ ಎಂಬ ಕಲಾವಿದ ‘ಪಂಚ್’ ಎಂಬ ಲಂಡನ್ನಿನ ಹಾಸ್ಯ ಪತ್ರಿಕೆಗೆ ರೈಲು ಎಂಜಿನನ್ನು ಪುರಿಯ ಜಗನ್ನಾಥ ರಥವಾಗಿಸಿ, ಜನ ತಾವಾಗಿ ಅದರ ಚಕ್ರಕ್ಕೆ ಬೀಳುವಂತೆ ಚಿತ್ರಿಸಿದ. ಪುರಿಯಲ್ಲಿ ಭಕ್ತರು ಸಾಲುಸಾಲಾಗಿ ರಥದ ಕೆಳಗೆ ಬಿದ್ದು ಸಾಯುತ್ತಾರೆಂಬುದು ಇಂಗ್ಲೆಂಡಿನಲ್ಲಿ ಊದಿ ಉಬ್ಬಿಸಿದ ಕಥೆ. ಆ ಅನ್ಯಾಯವನ್ನು ವಿದ್ಯಾರ್ಥಿಗಳಿಗೆ ಖಂಡಿತ ಹೇಳಿ. ಚಿತ್ರದ ಗುರಿ ಮಾತ್ರ ಸರಿಯಾಗಿತ್ತು. 1846ರೊಂದರಲ್ಲೇ ಸಂಸತ್ತು 260ಕ್ಕೂ ಹೆಚ್ಚು ರೈಲು ಮಸೂದೆಗಳಿಗೆ ಒಪ್ಪಿಗೆ ಕೊಟ್ಟಿತು. ಆ ವರ್ಷಗಳಲ್ಲಿ ಒಪ್ಪಿಗೆ ಪಡೆದ ಮಾರ್ಗಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಕಾಗದದ ಮೇಲೆಯೇ ಉಳಿಯಿತು. ‘ರೈಲು ರಾಜ’ ಎನಿಸಿಕೊಂಡಿದ್ದ ಜಾರ್ಜ್ ಹಡ್ಸನ್‌ನ ಲೆಕ್ಕಪತ್ರದ ಅಕ್ರಮಗಳು 1849ರಲ್ಲಿ ಬಯಲಾದವು. ಕೈ ಸುಟ್ಟುಕೊಂಡವರಲ್ಲಿ ಪಾದ್ರಿಗಳು, ವಿಧವೆಯರು, ಸಣ್ಣ ಅಂಗಡಿಯವರು ಇದ್ದರು.

ಸುರಕ್ಷತೆಯ ಬಗ್ಗೆ ಬಂದ ಚಿತ್ರಗಳು ಇನ್ನೂ ಹರಿತ. ಫ್ರಾನ್ಸಿನಲ್ಲಿ 1842ರ ಮೇ 8ರಂದು ವರ್ಸೈಯಿಂದ ಪ್ಯಾರಿಸಿಗೆ ಬರುತ್ತಿದ್ದ ರೈಲು ಹಳಿ ತಪ್ಪಿ ಹೊತ್ತಿಕೊಂಡಿತು. ಡಬ್ಬಿಗಳ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದರು. ಕನಿಷ್ಠ 50 ಮಂದಿ ಸತ್ತರು. ಅಂಟಾರ್ಕ್ಟಿಕವನ್ನು ಕಂಡುಬಂದಿದ್ದ ನಾವಿಕ ದ್ಯುಮಾಂ ದ್ಯುರ್ವಿಲ್ ತನ್ನ ಹೆಂಡತಿ, ಮಗನೊಂದಿಗೆ ಅದರಲ್ಲಿ ಸುಟ್ಟುಹೋದ. ಮುಂದೆ 1850ರ ದಶಕದಲ್ಲಿ ‘ಪಂಚ್’ ಒಂದು ಪರಿಹಾರವನ್ನು ಚಿತ್ರಿಸಿತು: ಹೊರಡುವ ಪ್ರತಿ ಎಂಜಿನಿಗೂ ರೈಲು ಕಂಪನಿಯ ಇಬ್ಬರು ನಿರ್ದೇಶಕರನ್ನು ಕಟ್ಟಿಹಾಕುವುದು. ಅಪಾಯವನ್ನು ತೀರ್ಮಾನಿಸುವವನೂ ಅಪಾಯವನ್ನು ಅನುಭವಿಸುವವನೂ ಬೇರೆ ಬೇರೆಯಾದಾಗ ಏನಾಗುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಒಂದು ಪಾಠವನ್ನೂ ನಾನು ಓದಿಲ್ಲ. ಪ್ಯಾರಿಸಿನಲ್ಲಿ ಒನೊರೆ ದೋಮಿಯೆ ಎಂಬ ವ್ಯಂಗ್ಯಚಿತ್ರಕಾರ ರೈಲು ಪ್ರಯಾಣದ ಬಗ್ಗೆ ಮಾಡಿದ ಲಿಥೋ (ಕಲ್ಲಚ್ಚಿನ) ಚಿತ್ರಗಳೂ ಇದೇ ಸಾಲಿನವು. ತೆರೆದ ಗಾಡಿಯಲ್ಲಿ ಮಳೆ, ಚಳಿಗೆ ಸಿಕ್ಕ ಅಗ್ಗದ ಟಿಕೆಟಿನ ಪ್ರಯಾಣಿಕರ ಮುಖಗಳನ್ನು ಅವನು ಬಿಡಿಸಿದ ರೀತಿಯಲ್ಲಿ ನಗುವಿಗಿಂತ ಮರುಕ ಹೆಚ್ಚು. ಬ್ರಿಟನ್ನಿನಲ್ಲಿ ಮೂರನೆಯ ದರ್ಜೆಗೂ ಚಾವಣಿ ಇರಬೇಕು, ಮೈಲಿಗೆ ಒಂದು ಪೆನ್ನಿಯ ದರದಲ್ಲಿ ದಿನಕ್ಕೊಂದು ರೈಲಾದರೂ ಓಡಬೇಕು ಎಂಬ ಕಾನೂನು 1844ರಲ್ಲಿ ಬಂತು.

ಇನ್ನು ಭವಿಷ್ಯವಾಣಿಯ ಪ್ರಶ್ನೆ. ಫ್ರೆಂಚ್ ಕಲಾವಿದ ಆಲ್ಬೇರ್ ರೊಬಿದಾನನ್ನು (1848–1926) ನೀವು ನೋಡಲೇಬೇಕು. ಇಪ್ಪತ್ತನೆಯ ಶತಮಾನದ ಬದುಕನ್ನು ಕುರಿತು 1880ರ ದಶಕದಿಂದ ಅವನು ತಂದ ಸಚಿತ್ರ ಪುಸ್ತಕಗಳಲ್ಲಿ ಆಕಾಶದ ಟ್ಯಾಕ್ಸಿಗಳು, ಕೊಳವೆ ರೈಲುಗಳು, ಮನೆಯ ಗೋಡೆಯ ಮೇಲೆ ದೂರದ ನಾಟಕವನ್ನೂ ಸುದ್ದಿಯನ್ನೂ ತೋರಿಸುವ ಪರದೆ ಇವೆ. ಹೆಂಗಸರು ವಕೀಲಿ ಮಾಡುತ್ತಾರೆ, ತಾವೇ ವಾಹನ ನಡೆಸುತ್ತಾರೆ. ಅಂದಿನ ಓದುಗರಿಗೆ ಹಾರುವ ಟ್ಯಾಕ್ಸಿಯೂ ವಕೀಲೆಯೂ ಒಂದೇ ತೂಕದ ತಮಾಷೆ. ಟ್ಯಾಕ್ಸಿ ಇನ್ನೂ ಹಾರಬೇಕಿದೆ, ವಕೀಲೆ ಎಂದೋ ನ್ಯಾಯಾಲಯಕ್ಕೆ ಬಂದಾಗಿದೆ. ರೊಬಿದಾನ ಇನ್ನೊಂದು ಕಲ್ಪನೆ ನನಗೆ ಇದಕ್ಕಿಂತ ದೊಡ್ಡದು. ವಿದ್ಯುತ್ ಯುಗದ ಬದುಕನ್ನು ಕುರಿತ ಅವನ ನಂತರದ ಪುಸ್ತಕದಲ್ಲಿ ಜನ ಧಾವಂತದಿಂದ ಬಳಲಿ ನರಗಳು ಸೋತುಹೋಗಿವೆ. ಆದ್ದರಿಂದ ಬ್ರಿಟನಿ ಪ್ರಾಂತ್ಯದ ಒಂದು ಭಾಗವನ್ನು ಯಾವ ಹೊಸ ಸಾಧನವೂ ಕಾಲಿಡದ ವಿಶ್ರಾಂತಿಯ ತಾಣವಾಗಿ ಕಾದಿರಿಸಿದ್ದಾರೆ. ವೇಗ ಮನುಷ್ಯನಿಗೆ ಮಾಡುವುದೇನು ಎಂಬುದರ ಮೇಲೆ ಅವನ ಕಣ್ಣಿತ್ತು, ಹಾಗಾಗಿ ಅವನ ಪುಸ್ತಕ ಇಂದಿಗೂ ಓದಿಸಿಕೊಳ್ಳುತ್ತದೆ.

ಇಪ್ಪತ್ತನೆಯ ಶತಮಾನದ ವ್ಯಂಗ್ಯಚಿತ್ರಕಾರರಾದ ಇಂಗ್ಲೆಂಡಿನ ಹೀತ್ ರಾಬಿನ್ಸನ್, ಅಮೆರಿಕದ ರೂಬ್ ಗೋಲ್ಡ್‌ಬರ್ಗ್ ಇವರ ಹೆಸರನ್ನು ನಿಮ್ಮ ವಿದ್ಯಾರ್ಥಿಗಳು ಆಗಲೇ ಕೇಳಿರಬಹುದು. ಸಣ್ಣ ಕೆಲಸಕ್ಕೆ ದೊಡ್ಡ ಸಂಕೀರ್ಣ ಯಂತ್ರ ಕಟ್ಟುವ ಅವರ ಚಿತ್ರಗಳು ಚಂದ, ಆದರೆ ಅಲ್ಲಿ ಯಾರಿಗೂ ಗಾಯವಾಗುವುದಿಲ್ಲ. ರಾಬಿನ್ಸನ್ 1935ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ಶತಮಾನೋತ್ಸವಕ್ಕೆ ಆ ಕಂಪನಿಗಾಗಿಯೇ ಒಂದು ಹಾಸ್ಯಚಿತ್ರ ಪುಸ್ತಕ ಮಾಡಿಕೊಟ್ಟ. ಲೀಚ್‌ನ ಕಾಲದ ಯಾವ ರೈಲು ಕಂಪನಿಯೂ ಅಂಥ ಕೆಲಸವನ್ನು ಅವನಿಗೆ ಕೊಡುತ್ತಿರಲಿಲ್ಲ.

ತರಗತಿಯಲ್ಲಿ ಖಂಡಿತ ತೋರಿಸಿ. ಹೀತ್‌ನ ಚಿತ್ರದ ಪ್ರತಿಗಳು ಬ್ರಿಟಿಷ್ ಮ್ಯೂಸಿಯಂ, ವೆಲ್ಕಮ್ ಕಲೆಕ್ಷನ್ ಮುಂತಾದ ಸಂಗ್ರಹಗಳಲ್ಲಿವೆ. ಅಕ್ಷರ ಓದಿಸುವಷ್ಟು ದೊಡ್ಡ ಪ್ರತಿಯನ್ನೇ ಬಳಸಿ, ಮೊಬೈಲಿನಲ್ಲಿ ಬಂದ ತುಣುಕು ಬೇಡ. ಮೊದಲು ಕೆಳಗಂಚಿನ ಪ್ರಕಟಣೆಯ ಸಾಲನ್ನು ನೋಡಿ: ಆಲ್ಕನ್‌ನ ಚಿತ್ರಗಳಲ್ಲಿ ಶೀರ್ಷಿಕೆಯ ವರ್ಷ ಒಂದು, ಅಚ್ಚಾದ ವರ್ಷ ಇನ್ನೊಂದು. ಇದನ್ನು ಗಮನಿಸದವರು ಕಲ್ಪನೆಯ ದೃಶ್ಯವನ್ನು ಕಣ್ಣಾರೆ ಕಂಡದ್ದೆಂದು ನಂಬಿಬಿಡುತ್ತಾರೆ. ಆಮೇಲೆ ವಿದ್ಯಾರ್ಥಿಗಳಿಗೆ ಯಂತ್ರಗಳನ್ನು ಕೈಯಿಂದ ಮುಚ್ಚಿ, ಉಳಿದ ಮನುಷ್ಯರನ್ನು ಮಾತ್ರ ವಿವರಿಸಲು ಹೇಳಿ. ಯಾರ ಬಟ್ಟೆ ಹೇಗಿದೆ, ಯಾರು ಟಿಕೆಟ್ ಕೊಂಡವರು, ಯಾರನ್ನು ಬಲವಂತವಾಗಿ ಏರಿಸಿದ್ದಾರೆ, ಕಲಾವಿದ ಯಾರನ್ನು ನೋಡಿ ನಗಿಸಲು ಹೊರಟಿದ್ದಾನೆ, ಆ ನಗುವಿಗೆ ನಾವು ಸೇರಬೇಕೇ ಎಂದು ಕೇಳಿ.

ಹೈಪರ್‌ಲೂಪ್ ಬಗ್ಗೆ ಅವರು ಕೇಳಿಯೇ ಕೇಳುತ್ತಾರೆ. ಆಗ ಇಂಗ್ಲಿಷ್ ಎಂಜಿನಿಯರ್ ಬ್ರುನೆಲ್‌ನ ಸೌತ್ ಡೆವನ್ ರೈಲು ಮಾರ್ಗದ ಕಥೆ ಹೇಳಿ. ಹಳಿಗಳ ನಡುವೆ ಹಾಕಿದ ಕೊಳವೆಯಿಂದ ಗಾಳಿ ಹೀರಿ ರೈಲನ್ನು ಎಳೆಯುವ ವ್ಯವಸ್ಥೆ ಅದು. 1847ರಲ್ಲಿ ಪ್ರಯಾಣಿಕರನ್ನು ಹೊತ್ತು ಓಡಿತು, 1848ರ ಸೆಪ್ಟೆಂಬರ್‌ನಲ್ಲಿ ನಿಂತುಹೋಯಿತು. ಕೊಳವೆಯ ಸೀಳನ್ನು ಮುಚ್ಚುತ್ತಿದ್ದ ತೊಗಲಿನ ಪಟ್ಟಿ ಹಾಳಾಗಿ ಗಾಳಿ ಸೋರತೊಡಗಿತ್ತು. ಹೀತ್ ಚಿತ್ರ ಬಿಡಿಸಿದ 20 ವರ್ಷಗಳ ಒಳಗೇ ಆ ಕಾಲದ ಅತ್ಯಂತ ಸಮರ್ಥ ಎಂಜಿನಿಯರ್ ಅದನ್ನು ಕಟ್ಟಿ, ಓಡಿಸಿ, ಕೈಬಿಟ್ಟಿದ್ದ, ಷೇರುದಾರರ ಹಣವೂ ಅದರೊಂದಿಗೆ ಹೋಗಿತ್ತು. ಆ ತೊಗಲಿನ ಪಟ್ಟಿಯ ವಿನ್ಯಾಸವನ್ನು ಹಲಗೆಯ ಮೇಲೆ ಬಿಡಿಸಿ, ಸೋರಿಕೆಗೆ ಕಾರಣ ಹುಡುಕಲು ಹೇಳಿದರೆ ಒಂದು ಇಡೀ ತರಗತಿಗೆ ಸಾಕಾಗುವಷ್ಟು ಚರ್ಚೆ ನಡೆಯುತ್ತದೆ.